ಮಳಿಗೆಯ ಬಣ್ಣಕ್ಕೊಂದು ಲೆಕ್ಕ



ದೀಪಾವಳಿ ಸಮೀಪಿಸಿದೊಡನೆ ಅಮರಗೋಳದ ಕೃಷಿ ಮಾರುಕಟ್ಟೆ ಪ್ರಾಂಗಣದ ದಲಾಲಿ ಅಂಗಡಿಗಳಿಗೆ ಸುಣ್ಣ-ಬಣ್ಣದ ಅವಸರ. ಮಳೆಯ ಪಸೆ ಆರದ ಗೋಡೆಗೆ ಬಳಿದ ಬಣ್ಣವು ಬೇಸಿಗೆಯೊಳಗೆ ಹಕ್ಕಳೆಯೆದ್ದು ಉದುರುವುದನ್ನು ನಾವು ಬಲ್ಲೆವು. ಆದುದರಿಂದ ಬಣ್ಣವನ್ನು ಆರಿಸುವ ಮುನ್ನ ಲೆಕ್ಕ ಹಿಡಿಯೋಣ.

20 ಅಡಿ ಉದ್ದ, 15 ಅಡಿ ಅಗಲ, 10 ಅಡಿ ಎತ್ತರದ ಮಳಿಗೆಯ ನಾಲ್ಕು ಗೋಡೆಗಳು 700 ಚದರಡಿ. 10 ಅಡಿ ಅಗಲ, 8 ಅಡಿ ಎತ್ತರದ ಶಟರ್ ಕಳೆದರೆ ಉಳಿಯುವುದು 620. ಎರಡು ಸಲ ಬಳಿಯಲು 1,240. ಒಂದು ಸಲಕ್ಕೆ ಲೀಟರೊಂದು ಎಷ್ಟು ಚದರಡಿಗೆ ಸಾಕಾಗುವುದೆಂದು ಕೇಳಿ ತಿಳಿದು, ಅದರಿಂದ ಭಾಗಿಸಬೇಕು. ಛಾವಣಿಯ ಲೆಕ್ಕ ಬೇರೆ. ಸೋರಿಕೆಯ ದುರಸ್ತಿ, ಪುಟ್ಟಿ, ಪ್ರೈಮರ್, ಮಾಲು ಸಾಗಿಸುವ ಹಮಾಲಿ, ವ್ಯಾಪಾರ ನಿಲ್ಲುವ ದಿನಗಳನ್ನೂ ಕೂಡಿಸಿ, ಹತ್ತರಲ್ಲೊಂದು ಪಾಲನ್ನು ಕಾದಿರಿಸುವುದು ಲೇಸು.

ಲೆಕ್ಕ ಮೀರಿದಾಗ ನಮ್ಮ ಕತ್ತರಿ ಮೊದಲು ಬೀಳುವುದು ಬಣ್ಣ ಬಳಿಯುವವನ ಕೂಲಿಯ ಮೇಲೆ. ಅದು ಸಲ್ಲದು. ನಮ್ಮ ವ್ಯಾಪಾರ ಕಾಯಕವಾದರೆ, ಏಣಿಯ ಮೇಲೆ ನಿಂತವನದೂ ಕಾಯಕವೇ. ಹಣ ಸಾಲದಿದ್ದರೆ ಈ ವರ್ಷ ಗೋಡೆಯ ದುರಸ್ತಿಯಷ್ಟೇ ಆಗಲಿ, ಬಣ್ಣ ಮುಂದಿನ ವರ್ಷಕ್ಕಿರಲಿ. ಒಪ್ಪಿದ ಕೂಲಿ ಮಾತ್ರ ಹಬ್ಬಕ್ಕೆ ಮುನ್ನವೇ ಅವನ ಮನೆ ಸೇರಲಿ.