ಪದವಿಚಾರ: ‘ಮುಟ್ಟು’

ಕಳೆದ ವಾರ ತರಗತಿಯಲ್ಲಿ ದ್ಯೂತಪ್ರಸಂಗವನ್ನು ಬೋಧಿಸುತ್ತ, ದ್ರೌಪದಿ ಅಂದು ರಜಸ್ವಲೆಯಾಗಿದ್ದಳೆಂದು ಹೇಳಿ ಮುಂದೆ ಸಾಗುವವನಿದ್ದೆ. ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತಳು: “ಸರ್, ಯಾರೂ ಮುಟ್ಟಬಾರದೆನ್ನುವ ದಿನಗಳಿಗೆ ಕನ್ನಡದಲ್ಲಿ ‘ಮುಟ್ಟು’ ಎಂದೇ ಹೆಸರೇಕೆ?” ಹಿಂದಿನ ಬೆಂಚುಗಳಲ್ಲಿ ನಗು. ನಾನು “ಆಮೇಲೆ ನೋಡೋಣಮ್ಮ” ಎಂದು ಪುಟ ತಿರುವಿದೆ. ಮನೆಮಂದಿಯೆಲ್ಲ ಓದುವ ಪತ್ರಿಕೆಯಲ್ಲಿ ಇದು ಬೇಕೇ ಎಂದು ಕೆಲವರು ಹುಬ್ಬುಗಂಟಿಕ್ಕಬಹುದು. ಮನೆಯ ಮಾತೇ ಅಲ್ಲವೆ ಇದು?

‘ಮುಟ್ಟು’ ಅಚ್ಚಗನ್ನಡದ ಧಾತು. ಸ್ಪರ್ಶಿಸು, ತಲುಪು ಎಂದು ಅರ್ಥ. ಕಾಗದ ಮುಟ್ಟುತ್ತದೆ, ಹಣ ಮುಟ್ಟುತ್ತದೆ, ಒಳ್ಳೆಯ ಮಾತು ಮನ ಮುಟ್ಟುತ್ತದೆ. ನಾಮಪದವಾದಾಗ ಕಮ್ಮಾರನ ಉಪಕರಣವೂ ಮುಟ್ಟೇ. ಸ್ಪರ್ಶದಿಂದ ಮೈಲಿಗೆಯೆಂಬ ಭಾವನೆ ಸೇರಿದ ಮೇಲೆ ಆ ಮೈಲಿಗೆಗೂ ಅದೇ ಹೆಸರಾಯಿತು. ತೆಲುಗಿನಲ್ಲಿಯೂ ಇದೇ ಪದ, ಇದೇ ಅರ್ಥ; ತಮಿಳಿನ ‘ತೀಟ್ಟು’ ಕೂಡ ಸ್ಪರ್ಶಾರ್ಥದ ‘ತೀಂಡು’ ಧಾತುವಿನ ಬಳಗದ್ದು. ಬಾಲ್ಯದಲ್ಲಿ, “ಅಮ್ಮನನ್ನು ಕಾಗೆ ಮುಟ್ಟಿದೆ” ಎಂದ ಅಜ್ಜಿಯ ಮಾತನ್ನು ನಂಬಿ, ಹಿತ್ತಿಲ ಕಾಗೆಗಳಿಗೆಲ್ಲ ನಾನು ಕಲ್ಲೆಸೆದದ್ದುಂಟು!

ಸಂಸ್ಕೃತದ ದಾರಿ ಬೇರೆ. ‘ರಜಸ್’ ಎಂದರೆ ಧೂಳು, ಹೂವಿನ ಪರಾಗ. ‘ಋತು’ ಎಂದರೆ ತಕ್ಕ ಕಾಲ. ಅಮರಕೋಶವು ‘ಪುಷ್ಪವತೀ’, ‘ಮಲಿನೀ’ ಎರಡನ್ನೂ ಒಟ್ಟಿಗೆ ಇರಿಸಿದೆ: ಹೂವೂ ಅವಳೇ, ಕೊಳೆಯೂ ಅವಳೇ. ಈಚಿನವರ ‘ಪೀರಿಯಡ್’ ಗ್ರೀಕ್ ಮೂಲದ್ದು, ಸುತ್ತಿ ಬರುವುದು ಎಂಬರ್ಥದ್ದು. (ನಮ್ಮ ಕಾಲೇಜಿನಲ್ಲಿ ಅದು ಗಂಟೆಗೊಮ್ಮೆ ಬರುತ್ತದೆ.)

ಕನ್ನಡದಲ್ಲಿ ನನಗೆ ಸೋಜಿಗವೆನಿಸುವುದು ಇನ್ನೊಂದು. ಹುಡುಗಿ ಮೊದಲ ಸಲ ಋತುಮತಿಯಾದಾಗ ‘ಮೈನೆರೆದಳು’ ಎನ್ನುತ್ತೇವೆ. ‘ನೆರೆ’ ಎಂದರೆ ತುಂಬು, ಪೂರ್ಣವಾಗು. ಎಂತಹ ಸೊಗಸಾದ ಮಾತು! ಮರುತಿಂಗಳಿನಿಂದ ಅವಳು ‘ಮುಟ್ಟಾದಳು’, ‘ಹೊರಗಾದಳು’. ಮೊದಲನೆಯದು ಅವಳ ಮೈಯನ್ನು ಕುರಿತ ಮಾತು. ಉಳಿದವು ಸುತ್ತಲಿನವರು ಹಾಕಿದ ಕಟ್ಟಳೆಯನ್ನು ಕುರಿತವು. ವಿದ್ಯಾರ್ಥಿನಿಯ ಪ್ರಶ್ನೆಗೆ ಉತ್ತರವೂ ಇಷ್ಟೆ: ಆ ಹೆಸರು ಅವಳದಲ್ಲ, ಕಟ್ಟಳೆಯದು. 12ನೆಯ ಶತಮಾನದ ಶರಣರು ನಿರಾಕರಿಸಿದ ಐದು ಸೂತಕಗಳಲ್ಲಿ ರಜಸ್ಸೂತಕವೂ ಒಂದು. ನುಡಿಯಲ್ಲಿ ಮಾತ್ರ ಮುಟ್ಟು ಉಳಿದೇ ಉಳಿಯಿತು.

ವ್ಯಾಸಭಾರತದಲ್ಲಿ, ತನ್ನನ್ನು ಎಳೆದೊಯ್ಯುತ್ತಿದ್ದ ದುಶ್ಶಾಸನನಿಗೆ ದ್ರೌಪದಿ ತಾನು ರಜಸ್ವಲೆಯೆಂದು ಬಾಯಿಬಿಟ್ಟೇ ಹೇಳುತ್ತಾಳೆ. ಅವಳು ಹೇಳಿದ್ದನ್ನು ವಿವರಿಸಲು ನಾನು ನಾಚಿದೆ. ಸೋಮವಾರ ಆ ಪುಟವನ್ನು ಮತ್ತೆ ತೆರೆಯಬೇಕಾಗಿದೆ.