ಬೋರ್ಡಿಗೂ ಮೊದಲು ನೋಂದಣಿ ಇರಲಿ

ನೋಂದಣಿ ಇಲ್ಲದೆ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿ ವೃತ್ತಿ ನಡೆಸಿದವರಿಗೆ ಭಾರತದ ಕಾನೂನು ವಿಧಿಸುವ ಗರಿಷ್ಠ ದಂಡ ಒಂದು ಸಾವಿರ ರೂಪಾಯಿ. 1992ರ ಭಾರತೀಯ ಪುನರ್ವಸತಿ ಮಂಡಳಿ ಕಾಯ್ದೆಯಲ್ಲಿ ಒಂದು ವರ್ಷದವರೆಗಿನ ಜೈಲುವಾಸದ ಮಾತೂ ಇದೆ. ಆದರೆ ಅದೇ ವ್ಯಕ್ತಿ ಬೋರ್ಡಿನಿಂದ ‘ಕ್ಲಿನಿಕಲ್’ ಪದವನ್ನು ಅಳಿಸಿ, ಬರೀ ‘ಸೈಕಾಲಜಿಸ್ಟ್’ ಅಥವಾ ‘ಆಪ್ತಸಮಾಲೋಚಕ’ ಎಂದು ಬರೆದುಕೊಂಡರೆ ಆ ಕಾಯ್ದೆಯ ಕೈಗೆ ಸಿಗುವುದು ಕಷ್ಟ.

ಬಾಣಂತನದಲ್ಲಿ ಮಾತು ಬಿಟ್ಟ ಮಗಳು, ಪರೀಕ್ಷೆಯ ಹೆಸರೆತ್ತಿದರೆ ನಡುಗುವ ಹುಡುಗ, ತಿಂಗಳಿಂದ ಕಣ್ಣು ಮುಚ್ಚದ ಅಪ್ಪ. ಮನೆಯವರು ಇವರನ್ನು ಕರೆದುಕೊಂಡು ಹೋಗುವುದು ಬೋರ್ಡು ನೋಡಿ. ಎದುರಿಗೆ ಕೂತವರು ಎರಡು ವರ್ಷ ಆಸ್ಪತ್ರೆಯ ವಾರ್ಡುಗಳಲ್ಲಿ ಪಳಗಿದವರೋ, ಕೆಲವೇ ವಾರಗಳ ಆನ್‌ಲೈನ್ ಕೋರ್ಸ್ ಮುಗಿಸಿದವರೋ ಎಂದು ಕೇಳಲು ಸಂಕೋಚ. ಸಾಯುವ ಯೋಚನೆಯ ಸುಳಿವು ಮಾತಿನ ನಡುವೆ ಒಮ್ಮೆ ಸುಳಿದು ಮರೆಯಾಗಿಬಿಡುತ್ತದೆ. ಅದನ್ನು ಹಿಡಿಯುವ ಕಿವಿ ಹಿರಿಯರ ಕೈಕೆಳಗೆ ಕೆಲಸ ಮಾಡಿಯೇ ಬರಬೇಕು.

ಈ ತರಬೇತಿಯಲ್ಲಿ ಕರ್ನಾಟಕಕ್ಕೆ ಹಳೆಯ ಹೆಸರಿದೆ. ನಿಮ್ಹಾನ್ಸ್ ಆಗಿ ಬೆಳೆದ ಬೆಂಗಳೂರಿನ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ 1955ರಲ್ಲೇ ಮೆಡಿಕಲ್ ಸೈಕಾಲಜಿ ಡಿಪ್ಲೊಮಾ ಶುರು ಮಾಡಿತ್ತು. ಇಂಥ ನಾಡಿನಲ್ಲಿ ಯಾರು ಬೇಕಾದರೂ ಬೋರ್ಡು ಹಾಕಬಹುದೆಂಬ ಸ್ಥಿತಿ ಒಪ್ಪುವಂಥದ್ದಲ್ಲ.

ಅಮೆರಿಕದ ಕನೆಕ್ಟಿಕಟ್ ರಾಜ್ಯ 1945ರಲ್ಲೇ ಮನೋವಿಜ್ಞಾನಿಗಳಿಗೆ ಕಾನೂನು ತಂದಿತು. 1977ರ ಹೊತ್ತಿಗೆ ಅಲ್ಲಿನ ಎಲ್ಲ ರಾಜ್ಯಗಳಲ್ಲೂ ಇಂಥ ಕಾನೂನಿತ್ತು. ಕ್ಯಾಲಿಫೋರ್ನಿಯದಲ್ಲಿ ಡಾಕ್ಟರೇಟ್ ಜೊತೆಗೆ 3,000 ಗಂಟೆ ಮೇಲ್ವಿಚಾರಣೆಯ ಕೆಲಸ, ಆಮೇಲೆ ಪರೀಕ್ಷೆ. ಅಲ್ಲಿನ ಮಂಡಳಿಯ ಜಾಲತಾಣದಲ್ಲಿ ಹೆಸರು ಹಾಕಿದರೆ ಪರವಾನಗಿ ಚಾಲ್ತಿಯಲ್ಲಿದೆಯೇ, ಶಿಸ್ತುಕ್ರಮ ಆಗಿದೆಯೇ ಎಂಬುದನ್ನು ಯಾರಾದರೂ ನೋಡಬಹುದು. ಭಾರತಕ್ಕೆ ಆ ಡಾಕ್ಟರೇಟ್ ನಿಯಮ ಬೇಡ, ಆ ತೆರೆದ ಪಟ್ಟಿ ಬೇಕು.

ಡಾಕ್ಟರೇಟ್ ಏಕೆ ಬೇಡವೆಂದರೆ, ಇರುವವರೇ ಕಡಿಮೆ. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಚಿಕಿತ್ಸೆ ಸಿಗದೆ ಉಳಿದವರ ಪ್ರಮಾಣ ಬೇರೆ ಬೇರೆ ಕಾಯಿಲೆಗಳಲ್ಲಿ ಶೇ 70ರಿಂದ 92. ಬಾಗಿಲನ್ನು ತೀರಾ ಕಿರಿದು ಮಾಡಿದರೆ ರಾಯಚೂರು, ಯಾದಗಿರಿಯಂಥ ಜಿಲ್ಲೆಗಳ ಜನ ಇನ್ನಷ್ಟು ದೂರ ಉಳಿಯುತ್ತಾರೆ. ವರ್ಷಗಟ್ಟಲೆ ಶಾಲೆ, ಆಸ್ಪತ್ರೆಗಳಲ್ಲಿ ನಿಷ್ಠೆಯಿಂದ ದುಡಿದ ಸಮಾಲೋಚಕರನ್ನು ಒಂದೇ ಏಟಿಗೆ ಹೊರಗೆ ತಳ್ಳುವುದೂ ತಪ್ಪು. ಅವರ ಅನುಭವ ಅಳೆದು, ಕೊರತೆಯನ್ನು ತರಬೇತಿಯಿಂದ ತುಂಬಿ, ಕೆಲಸದ ಮಿತಿ ಗೊತ್ತುಮಾಡಿ ನೋಂದಣಿ ಕೊಡಬಹುದು.

ಅದಕ್ಕೆ ಕಾನೂನಿನ ದಾರಿಯೂ ತೆರೆದಿದೆ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ಕ್ಲಿನಿಕಲ್ ಸೈಕಾಲಜಿಸ್ಟರ ನೋಂದಣಿಯನ್ನು ರಾಜ್ಯ ಪ್ರಾಧಿಕಾರಕ್ಕೆ ಒಪ್ಪಿಸಿದೆ. ಉಳಿದ ಮನೋವಿಜ್ಞಾನಿಗಳು, ಹಲವು ಬಗೆಯ ಸಮಾಲೋಚಕರು 2021ರ ಸಹವರ್ತಿ ಮತ್ತು ಆರೋಗ್ಯ ವೃತ್ತಿಗಳ ಕಾಯ್ದೆಯ ವ್ಯಾಪ್ತಿಗೆ ಬರುತ್ತಾರೆ. ರಾಜ್ಯಗಳು ಆರು ತಿಂಗಳಲ್ಲಿ ಮಂಡಳಿ ರಚಿಸಬೇಕೆಂದು ಅದು ಹೇಳಿತ್ತು. ಜಾರಿ ಎಷ್ಟು ನಿಧಾನವಾಯಿತೆಂದರೆ, 2024ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟೇ ಗಡುವು ಕೊಡಬೇಕಾಯಿತು. ಕಾಗದದ ಮೇಲೆ ಮಂಡಳಿ ಇದ್ದರೆ ಸಾಲದು. ಕನ್ನಡದಲ್ಲಿ ಹುಡುಕಬಹುದಾದ ಹೆಸರಿನ ಪಟ್ಟಿ, ದೂರು ಕೊಡಲು ಒಂದು ವಿಳಾಸ, ವಿಚಾರಣೆಗೆ ಕಾಲಮಿತಿ, ಈ ಮೂರನ್ನೂ ರಾಜ್ಯ ಸರ್ಕಾರ ಜನರಿಗೆ ಕೊಡಬೇಕು.

ಅಲ್ಲಿಯವರೆಗೆ ಓದುಗರು ಮೊದಲ ಭೇಟಿಯಲ್ಲೇ ನೋಂದಣಿ ಸಂಖ್ಯೆ ಕೇಳಲಿ. ಕ್ಲಿನಿಕಲ್ ಸೈಕಾಲಜಿಸ್ಟರ ಹೆಸರನ್ನು ಪುನರ್ವಸತಿ ಮಂಡಳಿಯ ಜಾಲತಾಣದಲ್ಲಿ ಹುಡುಕಬಹುದು. ತುರ್ತು ಇದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿ ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ.