ಬಾಗಿಲು ಅಗಲ, ಸೂರು ತಗ್ಗು

ಜಪಾನಿನ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಕಲಿಸುವ ವಿದೇಶಿಯರಲ್ಲಿ ಹೆಚ್ಚಿನವರು ಅಲ್ಲಿನ ಕಾನೂನಿನ ಲೆಕ್ಕದಲ್ಲಿ ಶಿಕ್ಷಕರಲ್ಲ. ಅವರ ಹುದ್ದೆಯ ಹೆಸರೇ ಸಹಾಯಕ ಭಾಷಾ ಶಿಕ್ಷಕ. ಎಲ್ಲರ ಬಾಯಲ್ಲಿ ಅದು ‘ಎಎಲ್‌ಟಿ’. ಈ ಕೆಲಸಕ್ಕೆ ಬಿ.ಎಡ್.ನಂಥ ತರಬೇತಿ ಬೇಡ, ಇಂಗ್ಲಿಷ್ ಸಾಹಿತ್ಯ ಓದಿರಬೇಕಿಲ್ಲ, ಜಪಾನಿ ಭಾಷೆ ಬರಬೇಕೆಂಬ ನಿಯಮವೂ ಸಾಮಾನ್ಯವಾಗಿ ಇಲ್ಲ. ಯಾವುದಾದರೊಂದು ವಿಷಯದಲ್ಲಿ ಪದವಿ ಇದ್ದರೆ ಆಯಿತು; ಸಸ್ಯಶಾಸ್ತ್ರವಾದರೂ ಸರಿ, ವಾಣಿಜ್ಯವಾದರೂ ಸರಿ. ಬಾಗಿಲು ಇಷ್ಟು ಅಗಲವಾಗಿರುವುದಕ್ಕೂ ಒಳಗೆ ಹೋದವರು ತಲೆ ಎತ್ತಿ ನಿಲ್ಲಲಾರದಷ್ಟು ಸೂರು ತಗ್ಗಾಗಿರುವುದಕ್ಕೂ ಕಾರಣ ಒಂದೇ. ಜಪಾನ್ ಈ ಜನರಿಂದ ಮುಖ್ಯವಾಗಿ ಬಯಸುವುದು ತರಗತಿಯಲ್ಲಿ ಒಬ್ಬ ವಿದೇಶಿಯ ಹಾಜರಿಯನ್ನು. ಬೋಧನೆ ಅದರ ಬೆನ್ನಿಗೆ ಬರುತ್ತದೆ.

ಇದಕ್ಕೆ ಇತಿಹಾಸವಿದೆ. 1980ರ ದಶಕದಲ್ಲಿ ಅಮೆರಿಕದೊಂದಿಗಿನ ವ್ಯಾಪಾರದಲ್ಲಿ ಜಪಾನಿನ ಹೆಚ್ಚುವರಿ ಬೆಳೆದು, ‘ಮಾರುವುದು ಗೊತ್ತು, ಬೆರೆಯುವುದು ಗೊತ್ತಿಲ್ಲ’ ಎಂಬ ದೂರು ಟೋಕಿಯೊಗೆ ಮತ್ತೆಮತ್ತೆ ತಲುಪುತ್ತಿತ್ತು. ಪ್ರಧಾನಿ ಯಸುಹಿರೊ ನಕಸೊನೆ ಅವರ ಸರ್ಕಾರ ‘ಅಂತರರಾಷ್ಟ್ರೀಕರಣ’ದ ಮಾತಾಡತೊಡಗಿದ್ದು ಆಗಲೇ. ಜೆಟ್ ಎಂಬ ಹೆಸರಿನ ವಿನಿಮಯ ಕಾರ್ಯಕ್ರಮ 1987ರಲ್ಲಿ ಶುರುವಾಯಿತು. ಮೊದಲ ವರ್ಷ ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಿಂದ 848 ಯುವಜನರು ಬಂದರು. 2002ರ ಹೊತ್ತಿಗೆ ಆ ಸಂಖ್ಯೆ 6,200 ದಾಟಿತ್ತು. 2019ರಲ್ಲಿ 57 ದೇಶಗಳ 5,761 ಮಂದಿ ಇದ್ದರು. ಇವರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಎಎಲ್‌ಟಿಗಳೇ. ಕಾರ್ಯಕ್ರಮವನ್ನು ಶಿಕ್ಷಣ ಸಚಿವಾಲಯವೊಂದೇ ನಡೆಸುವುದಿಲ್ಲ. ವಿದೇಶಾಂಗ ಸಚಿವಾಲಯಕ್ಕೂ ಸ್ಥಳೀಯ ಆಡಳಿತದ ಹೊಣೆ ಹೊತ್ತ ಸಚಿವಾಲಯಕ್ಕೂ ಅದರಲ್ಲಿ ಪಾಲಿದೆ. ರಾಜತಾಂತ್ರಿಕತೆಯ ಹೊಟ್ಟೆಯಲ್ಲಿ ಹುಟ್ಟಿದ ಯೋಜನೆಯನ್ನು ಇಂಗ್ಲಿಷ್ ಕಲಿಕೆಯ ತಕ್ಕಡಿಯಲ್ಲಿ ತೂಗಿದರೆ ಹಗುರ ಕಾಣುವುದು ಸಹಜ.

ಆದರೂ ಈ ಕೆಲಸಗಳ ಪೈಕಿ ಮೇಲ್ದರ್ಜೆಯದು ಜೆಟ್ಟೇ. ಮೊದಲ ವರ್ಷದ ಸಂಬಳ 2012ರಿಂದ ವರ್ಷಕ್ಕೆ 33.6 ಲಕ್ಷ ಯೆನ್ ಇದ್ದದ್ದು 2025ರಲ್ಲಿ 40.2 ಲಕ್ಷ ಯೆನ್‌ಗೆ ಏರಿತು. ವಿಮಾನದ ಟಿಕೆಟ್ ಸಿಗುತ್ತದೆ, ವಿಮೆ ಸಿಗುತ್ತದೆ, ಮನೆ ಹುಡುಕಲು ನೆರವು ಸಿಗುತ್ತದೆ. ಯಾವ ಊರಿಗೆ ಎಂಬುದನ್ನು ಮಾತ್ರ ಅಭ್ಯರ್ಥಿ ನಿರ್ಧರಿಸುವಂತಿಲ್ಲ. ಟೋಕಿಯೊ ಎಂದು ಬರೆದುಕೊಟ್ಟವರು ಶಿಮಾನೆಯ ಕರಾವಳಿಗೋ ಹೊಕ್ಕೈದೊದ ಹಿಮದ ಹಳ್ಳಿಗೋ ತಲುಪಿದ ಉದಾಹರಣೆಗಳೇ ಹೆಚ್ಚು. ಒಂದೇ ಶಾಲೆಯೆಂದೂ ಇಲ್ಲ. ಸೋಮವಾರ ಒಂದು, ಮಂಗಳವಾರ ಇನ್ನೊಂದು ಎಂದು ಸುತ್ತುವವರಿದ್ದಾರೆ. ಐದು ವರ್ಷ ತುಂಬಿತೆಂದರೆ ಎಷ್ಟೇ ಒಳ್ಳೆಯ ಕೆಲಸಗಾರರಾದರೂ ಹೊರಡಲೇಬೇಕು.

ತರಗತಿಯೊಳಗೆ ಎಎಲ್‌ಟಿಯ ಪಕ್ಕದಲ್ಲಿ ಪರವಾನಗಿ ಪಡೆದ ಜಪಾನಿ ಶಿಕ್ಷಕರಿರುತ್ತಾರೆ. ಪಾಠದ ಯೋಜನೆ, ಅಂಕ, ಶಿಸ್ತು ಎಲ್ಲವೂ ಅವರ ಕೈಯಲ್ಲಿ. ಇಬ್ಬರೂ ಸೇರಿ ಕಲಿಸಬೇಕೆಂಬುದು ಉದ್ದೇಶ. ಜೊತೆಗಾರರಿಗೆ ಮನಸ್ಸಿದ್ದು, ಸಮಯವೂ ಇದ್ದರೆ ಅದು ಚೆನ್ನಾಗಿಯೇ ನಡೆಯುತ್ತದೆ. ಇಲ್ಲವಾದರೆ ವಿದೇಶಿ ಸಹಾಯಕರು ಪಠ್ಯಪುಸ್ತಕದ ಸಾಲುಗಳನ್ನು ಗಟ್ಟಿಯಾಗಿ ಓದುವುದು, ಮಕ್ಕಳು ಅದನ್ನು ಒಟ್ಟಾಗಿ ಪುನರುಚ್ಚರಿಸುವುದು, ಇಷ್ಟಕ್ಕೇ ಗಂಟೆ ಮುಗಿಯುತ್ತದೆ. ‘ಮನುಷ್ಯರೂಪದ ಟೇಪ್ ರೆಕಾರ್ಡರ್’ ಎಂದು ಎಎಲ್‌ಟಿಗಳು ತಮ್ಮನ್ನೇ ಹಾಸ್ಯ ಮಾಡಿಕೊಳ್ಳುವುದು ಇದಕ್ಕೇ.

ಜಪಾನಿ ಶಿಕ್ಷಕರನ್ನು ದೂರಿ ಪ್ರಯೋಜನವಿಲ್ಲ. ಅವರ ಹೆಗಲ ಮೇಲಿರುವುದು ಪ್ರವೇಶ ಪರೀಕ್ಷೆ. ಪ್ರೌಢಶಾಲೆಗೆ ಒಂದು ಪರೀಕ್ಷೆ, ವಿಶ್ವವಿದ್ಯಾಲಯಕ್ಕೆ ಇನ್ನೊಂದು; ಎರಡರಲ್ಲೂ ಬಹುಕಾಲ ಅಳೆದದ್ದು ಓದು, ವ್ಯಾಕರಣ, ಪದಸಂಪತ್ತು ಮತ್ತು ಆಲಿಸುವ ಶಕ್ತಿಯನ್ನು. ವಿಶ್ವವಿದ್ಯಾಲಯ ಪ್ರವೇಶಕ್ಕೆ ಖಾಸಗಿ ಸಂಸ್ಥೆಗಳ ಮಾತುಗಾರಿಕೆ ಪರೀಕ್ಷೆಯನ್ನು ಬಳಸುವ ಯೋಜನೆಯನ್ನು ಸರ್ಕಾರ 2019ರ ನವೆಂಬರ್‌ನಲ್ಲಿ ಮುಂದೂಡಿತು. ಹಳ್ಳಿಯ ಮಕ್ಕಳಿಗೆ ಪರೀಕ್ಷಾ ಕೇಂದ್ರ ದೂರ, ಬಡವರಿಗೆ ಶುಲ್ಕ ದುಬಾರಿ ಎಂಬ ಆಕ್ಷೇಪ ಎದ್ದಿತ್ತು. 2021ರಲ್ಲಿ ಯೋಜನೆಯನ್ನೇ ಕೈಬಿಡಲಾಯಿತು. ಟೋಕಿಯೊ ಆಡಳಿತ 2022ರಲ್ಲಿ ಪ್ರೌಢಶಾಲಾ ಪ್ರವೇಶಕ್ಕೆ ಮಾತಿನ ಪರೀಕ್ಷೆಯೊಂದನ್ನು ತಂದಿತು, ಅದೂ ವಿವಾದದ ನಡುವೆಯೇ. ಅಂಕ ತರದ ಕೌಶಲವನ್ನು ಕಲಿಸುವವರಿಗೆ ಶಾಲೆಯಲ್ಲಿ ಯಾವ ಸ್ಥಾನ ಸಿಗುತ್ತದೆಂಬುದು, ಎಸ್ಸೆಸ್ಸೆಲ್ಸಿ ಮಕ್ಕಳ ಚಿತ್ರಕಲಾ ಶಿಕ್ಷಕರನ್ನು ನೋಡಿದವರಿಗೆ ಹೊಸ ವಿಷಯವಲ್ಲ. ಇಷ್ಟು ವರ್ಷಗಳ ಹೂಡಿಕೆಯ ನಂತರವೂ ‘ಇಎಫ್’ ಸಂಸ್ಥೆಯ 2024ರ ಇಂಗ್ಲಿಷ್ ಪ್ರಾವೀಣ್ಯ ಪಟ್ಟಿಯಲ್ಲಿ ಜಪಾನ್ 116 ದೇಶ, ಪ್ರದೇಶಗಳ ಪೈಕಿ 92ನೆಯ ಸ್ಥಾನದಲ್ಲಿತ್ತು. ಇಂಥ ಪಟ್ಟಿಗಳ ವಿಧಾನವನ್ನು ಪೂರ್ತಿ ನಂಬಬೇಕಿಲ್ಲ. ಅವು ತೋರಿಸುವ ದಿಕ್ಕನ್ನು ಅಲ್ಲಗಳೆಯುವುದು ಮಾತ್ರ ಕಷ್ಟ.

ಬೇಡಿಕೆಯಂತೂ ಬೆಳೆಯಿತು. 2020ರಿಂದ ಪ್ರಾಥಮಿಕ ಶಾಲೆಯ 5 ಮತ್ತು 6ನೆಯ ತರಗತಿಗಳಲ್ಲಿ ಇಂಗ್ಲಿಷ್ ಅಧಿಕೃತ ವಿಷಯವಾಗಿ ವರ್ಷಕ್ಕೆ 70 ಪಾಠಗಳಾದವು. 3 ಮತ್ತು 4ನೆಯ ತರಗತಿಗಳಿಗೆ 35. ಎಲ್ಲ ವಿಷಯಗಳನ್ನೂ ತಾವೇ ಕಲಿಸುವ ಪ್ರಾಥಮಿಕ ಶಿಕ್ಷಕರಿಗೆ ಇಂಗ್ಲಿಷ್ ಉಚ್ಚಾರಣೆಯ ಅಳುಕು ಇದ್ದೇ ಇತ್ತು. ಹಾಗಾಗಿ ನಗರಸಭೆಗಳ ಶಿಕ್ಷಣ ಮಂಡಳಿಗಳು ಇನ್ನಷ್ಟು ವಿದೇಶಿಯರನ್ನು ಹುಡುಕಿದವು. ಜೆಟ್ ದುಬಾರಿ ಎನಿಸಿದ ಕಡೆ ಹೊರಗುತ್ತಿಗೆ ಬಂತು. ಖಾಸಗಿ ಕಂಪನಿಗಳು ಟೆಂಡರ್ ಹಾಕುತ್ತವೆ, ಕಡಿಮೆ ದರ ಕೂಗಿದವರಿಗೆ ಗುತ್ತಿಗೆ ಹೋಗುತ್ತದೆ, ಕಡಿಮೆ ಮಾಡಿದ ದರವನ್ನು ಎಎಲ್‌ಟಿಯ ಸಂಬಳದಿಂದ ತುಂಬಿಕೊಳ್ಳಲಾಗುತ್ತದೆ. ಕರ್ನಾಟಕದ ಅತಿಥಿ ಉಪನ್ಯಾಸಕರಿಗೆ ಈ ಕಥೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಗುತ್ತಿಗೆಯ ಕೈಚಳಕವನ್ನು ತಿಳಿಯಲು ಒಂದು ಸಂಖ್ಯೆ ನೋಡಿದರೆ ಸಾಕು: ವಾರಕ್ಕೆ 29.5 ಗಂಟೆ. ಕಂಪನಿಗಳ ನೇಮಕಾತಿ ಪತ್ರಗಳಲ್ಲಿ ಈ ಅಂಕಿ ವರ್ಷಗಟ್ಟಲೆ ಕಾಣಿಸಿಕೊಂಡಿತು. ಪೂರ್ಣಾವಧಿಯ 40 ಗಂಟೆಗಳಲ್ಲಿ ಮುಕ್ಕಾಲು ಭಾಗ, ಅಂದರೆ 30 ಗಂಟೆ ದುಡಿದವರನ್ನು ಮಾಲೀಕರು ಆರೋಗ್ಯ ವಿಮೆ ಮತ್ತು ಪಿಂಚಣಿ ಯೋಜನೆಗೆ ಸೇರಿಸಿ ಅರ್ಧ ಕಂತು ಕಟ್ಟಬೇಕು. ಅರ್ಧ ಗಂಟೆ ತಗ್ಗಿಸಿದರೆ ಆ ಖರ್ಚು ಉಳಿಯಿತು. ಬೆಳಿಗ್ಗೆಯಿಂದ ಸಂಜೆಯವರೆಗೆ ಶಾಲೆಯಲ್ಲೇ ಇದ್ದರೂ ಪಾಠಗಳ ನಡುವಿನ ಬಿಡುವನ್ನು ಲೆಕ್ಕಕ್ಕೆ ಹಿಡಿಯದೆ ಈ ಅಂಕಿಯನ್ನು ಕಾಯ್ದುಕೊಂಡದ್ದುಂಟು. 2016ರಿಂದ ಕಾನೂನು ಹಂತಹಂತವಾಗಿ ಬಿಗಿಯಾಗಿ, 2024ರ ಅಕ್ಟೋಬರ್‌ನಿಂದ 51 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳು ನಿಗದಿತ ಸಂಬಳ ದಾಟಿದ, ವಾರಕ್ಕೆ 20 ಗಂಟೆ ದುಡಿಯುವವರನ್ನೂ ಸೇರಿಸಬೇಕಾಗಿದೆ. ಇನ್ನೊಂದು ತೊಡಕು ಇದಕ್ಕಿಂತ ವಿಚಿತ್ರ. ಕೆಲಸವನ್ನು ಪೂರ್ತಿಯಾಗಿ ವಹಿಸಿಕೊಡುವ ಬಗೆಯ ಗುತ್ತಿಗೆಯಲ್ಲಿ, ಎಎಲ್‌ಟಿಗೆ ಸೂಚನೆ ಕೊಡುವ ಅಧಿಕಾರ ಇರುವುದು ಕಂಪನಿಗೆ ಮಾತ್ರ. ಪಕ್ಕದಲ್ಲೇ ನಿಂತ ಶಿಕ್ಷಕಿ ‘ಈ ಪುಟ ಓದಿ’ ಎಂದರೂ ಕಾಗದದ ಮೇಲೆ ಅದು ನಿಯಮಭಂಗ. ಇಬ್ಬರೂ ಕೂಡಿ ಕಲಿಸಬೇಕೆಂಬ ಶಿಕ್ಷಣ ನೀತಿ ಮತ್ತು ಕೂಡಲು ಬಿಡದ ಗುತ್ತಿಗೆ ಒಂದೇ ಕೋಣೆಯಲ್ಲಿ ಬಾಳಿವೆ.

ಶಾಲೆಯ ಹೊರಗಿನ ಲೋಕ ಏಕೈವಾ, ಅಂದರೆ ಇಂಗ್ಲಿಷ್ ಸಂಭಾಷಣಾ ಶಾಲೆಗಳದ್ದು. ಮಧ್ಯಾಹ್ನ ಶುರುವಾಗಿ ರಾತ್ರಿ ಒಂಬತ್ತಕ್ಕೆ ಮುಗಿಯುವ ಕೆಲಸ. ಮಧ್ಯಾಹ್ನ ನಿವೃತ್ತರು, ಗೃಹಿಣಿಯರು, ಸಂಜೆ ಮಕ್ಕಳು, ರಾತ್ರಿ ಕಚೇರಿ ನೌಕರರು. ಈ ಉದ್ಯಮದ ಏರಿಳಿತವನ್ನು ತಿಳಿಯಲು ನೋವಾ ಕಂಪನಿಯ ಕಥೆ ಸಾಕು. ರೈಲು ನಿಲ್ದಾಣಗಳ ಬಳಿ ಶಾಖೆಗಳನ್ನು ತೆರೆಯುತ್ತ, ‘ನಿಲ್ದಾಣದೆದುರಿನ ವಿದೇಶ ವ್ಯಾಸಂಗ’ ಎಂಬ ಘೋಷಣೆಯೊಂದಿಗೆ ಅದು ದೇಶದ ಅತಿ ದೊಡ್ಡ ಸರಪಳಿಯಾಗಿ ಬೆಳೆಯಿತು. ವಿದ್ಯಾರ್ಥಿಗಳು ನೂರಾರು ಪಾಠಗಳ ಹಣವನ್ನು ಮುಂಗಡವಾಗಿ ಕಟ್ಟುತ್ತಿದ್ದರು. ಆ ಹಣದಲ್ಲಿ ಹೊಸ ಶಾಖೆಗಳು ಏಳುತ್ತಿದ್ದವು. ನಡುವೆ ಬಿಟ್ಟವರಿಗೆ ಹಣ ಹಿಂದಿರುಗಿಸುವ ಲೆಕ್ಕಾಚಾರ ತಪ್ಪೆಂದು 2007ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಜೂನ್‌ನಲ್ಲಿ ಸರ್ಕಾರ ಹೊಸ ದೀರ್ಘಾವಧಿ ಒಪ್ಪಂದಗಳಿಗೆ ಆರು ತಿಂಗಳ ತಡೆ ಹಾಕಿತು. ಮುಂಗಡದ ಹರಿವು ನಿಂತದ್ದೇ ತಡ, ಅಕ್ಟೋಬರ್‌ನಲ್ಲಿ ಕಂಪನಿ ನ್ಯಾಯಾಲಯದ ರಕ್ಷಣೆ ಕೋರಿತು. ಸುಮಾರು 4,000 ವಿದೇಶಿ ಶಿಕ್ಷಕರು ಸಂಬಳವಿಲ್ಲದೆ ಕುಳಿತರು. ಹಲವರ ಮನೆ ಕೂಡ ಕಂಪನಿ ಹಿಡಿದುಕೊಟ್ಟದ್ದು. ಸಂಬಳದಿಂದ ಕಳೆದ ಬಾಡಿಗೆ ಮಾಲೀಕರಿಗೆ ತಲುಪದೆ, ಮನೆ ಬಿಡಬೇಕಾದ ಸ್ಥಿತಿಯೂ ಬಂತು. 2010ರಲ್ಲಿ ಜಿಯೋಸ್ ಎಂಬ ಇನ್ನೊಂದು ದೊಡ್ಡ ಸರಪಳಿ ದಿವಾಳಿಯಾಯಿತು. ಕೆಲಸ, ವೀಸಾ, ಮನೆ ಮೂರನ್ನೂ ಒಂದೇ ಗೂಟಕ್ಕೆ ಕಟ್ಟುವುದು ಎಷ್ಟು ಅಪಾಯವೆಂದು ತಿಳಿದದ್ದು ಆಗ.

ಸಂಬಳದ ಮಾತಿಗೆ ಬಂದರೆ, ತಿಂಗಳಿಗೆ ಎರಡೂವರೆ ಲಕ್ಷ ಯೆನ್ ಎಂಬುದು 1990ರ ದಶಕದ ಜಾಹೀರಾತುಗಳ ರೂಢಿಯ ಅಂಕಿ. ಇಂದಿಗೂ ಬಹಳಷ್ಟು ಜಾಹೀರಾತುಗಳು ಅದರ ಆಸುಪಾಸಿನಲ್ಲಿ, ಕೆಲವು ಅದಕ್ಕಿಂತ ಕೆಳಗೆ ನಿಂತಿವೆ. ರೂಪಾಯಿಯಲ್ಲಿ ನೋಡುವವರಿಗೆ ಇನ್ನೂ ಇಳಿಕೆ ಕಾಣುತ್ತದೆ. 2012ರಲ್ಲಿ ಒಂದು ಯೆನ್‌ಗೆ ಸುಮಾರು 67 ಪೈಸೆ ಸಿಗುತ್ತಿತ್ತು. ಡಾಲರ್‌ಗೆ 160 ಯೆನ್ ಆದ 2024ರ ಜುಲೈನಲ್ಲಿ ಸುಮಾರು 52 ಪೈಸೆ. ಅದೇ ಸಂಬಳ 1.67 ಲಕ್ಷ ರೂಪಾಯಿಯಿಂದ 1.3 ಲಕ್ಷಕ್ಕೆ ಬಂತು. ಬಾಡಿಗೆ ಮನೆಗೆ ಠೇವಣಿಯ ಜೊತೆಗೆ ಮಾಲೀಕರಿಗೆ ‘ಕೃತಜ್ಞತಾ ಹಣ’, ದಳ್ಳಾಳಿ ಶುಲ್ಕ, ಖಾತರಿ ಕಂಪನಿಯ ಶುಲ್ಕ ಎಂದು ಮೊದಲ ದಿನವೇ ಹಲವು ತಿಂಗಳ ಬಾಡಿಗೆಯಷ್ಟು ಹೋಗಬಹುದು. ಮತ್ತೊಂದು ಪೆಟ್ಟು ಎರಡನೆಯ ವರ್ಷದ ಜೂನ್‌ನಲ್ಲಿ. ಹಿಂದಿನ ವರ್ಷದ ಆದಾಯದ ಮೇಲಿನ ನಿವಾಸಿ ತೆರಿಗೆ ಆಗ ಶುರುವಾಗುತ್ತದೆ. ಮೊದಲ ವರ್ಷ ಕೈಗೆ ಬಂದಷ್ಟು ಹಣ ಎರಡನೆಯ ವರ್ಷ ಬರುವುದಿಲ್ಲ.

ಭಾರತೀಯರಿಗೆ ಈ ಬಾಗಿಲು ಎಷ್ಟು ತೆರೆದಿದೆ ಎಂಬ ಪ್ರಶ್ನೆಗೆ ಎರಡು ಉತ್ತರಗಳಿವೆ. ಕಾನೂನು ಪಾಸ್‌ಪೋರ್ಟಿನ ಬಣ್ಣ ನೋಡುವುದಿಲ್ಲ. ಸಂಭಾಷಣಾ ಶಾಲೆಗಳ ಕೆಲಸಕ್ಕೆ ಸಿಗುವ ವೀಸಾಕ್ಕೆ ಪದವಿ ಬೇಕು. ಶಾಲೆಗಳ ಎಎಲ್‌ಟಿಗಳಿಗೆ ಸಿಗುವ ‘ಬೋಧಕ’ ವೀಸಾಕ್ಕೆ ಅದರ ಜೊತೆಗೆ ಇನ್ನೊಂದು ಷರತ್ತು: ಕಲಿಸುವ ಭಾಷೆಯ ಮಾಧ್ಯಮದಲ್ಲೇ ಕನಿಷ್ಠ 12 ವರ್ಷ ಓದಿರಬೇಕು. ಈ ಲೆಕ್ಕವನ್ನು ಕನ್ನಡ ಮಾಧ್ಯಮದ ವಿದ್ಯಾರ್ಥಿನಿಗೆ ಅನ್ವಯಿಸಿ ನೋಡಬಹುದು. ಹತ್ತನೆಯ ತರಗತಿಯವರೆಗೆ ಕನ್ನಡ, ಆಮೇಲೆ ಪಿಯುಸಿ ಎರಡು ವರ್ಷ, ಪದವಿ ಮೂರು, ಇಂಗ್ಲಿಷ್ ಎಂ.ಎ. ಎರಡು, ಒಟ್ಟು ಏಳು. ಅಂಥ ಇಂಗ್ಲಿಷ್ ಪ್ರಾಧ್ಯಾಪಕಿ ಷೇಕ್ಸ್‌ಪಿಯರ್ ಪಾಠ ಮಾಡಬಲ್ಲರು, ಜಪಾನಿನ ಮಕ್ಕಳಿಗೆ ಎ ಬಿ ಸಿ ಹೇಳಿಕೊಡುವ ಸಹಾಯಕಿ ಆಗಲಾರರು. ಮೊದಲಿನಿಂದ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ಬಿ.ಕಾಂ. ಪದವೀಧರರಿಗೆ ಅಡ್ಡಿಯಿಲ್ಲ.

ಎರಡನೆಯ ಉತ್ತರ ಮಾರುಕಟ್ಟೆಯದು. ಜಾಹೀರಾತುಗಳು ಕೇಳುವ ‘ನೇಟಿವ್ ಸ್ಪೀಕರ್’ ಎಂಬ ಪದದ ಹಿಂದೆ ಒಂದು ಮುಖದ ಕಲ್ಪನೆಯಿದೆ, ಅದು ಬಹುಪಾಲು ಬಿಳಿಯ ಮುಖ. ಜಪಾನಿನಲ್ಲಿ ಇಂಗ್ಲಿಷ್ ಮಾತೃಭಾಷೆಯವರಿಂದ ಪಾಠ ಶುರುವಾದ ಕಥೆಯೇ ಈ ಕಲ್ಪನೆಯನ್ನು ನಗೆಪಾಟಲಾಗಿಸುತ್ತದೆ. 1848ರಲ್ಲಿ ಹಡಗು ಒಡೆದವನಂತೆ ನಟಿಸಿ ಉತ್ತರದ ರಿಶಿರಿ ದ್ವೀಪ ಸೇರಿದ ರಾನಲ್ಡ್ ಮೆಕ್‌ಡೊನಾಲ್ಡ್, ನಾಗಾಸಾಕಿಯ ಬಂಧನದಲ್ಲಿ 14 ದುಭಾಷಿಗಳಿಗೆ ಇಂಗ್ಲಿಷ್ ಕಲಿಸಿದ. ಅವನ ತಾಯಿ ಅಮೆರಿಕದ ಮೂಲನಿವಾಸಿ ಚಿನೂಕ್ ಬುಡಕಟ್ಟಿನವಳು. ಜೆಟ್‌ನ ದೇಶಗಳ ಪಟ್ಟಿಯಲ್ಲಿ ಭಾರತವೂ ಇದೆ, ಹೋಗುವವರು ಮಾತ್ರ ಬೆರಳೆಣಿಕೆ. ಗುತ್ತಿಗೆ ಕಂಪನಿಗಳಲ್ಲಿ ಈಗ ಫಿಲಿಪ್ಪೀನ್ಸ್‌ನವರು ಹೆಚ್ಚುತ್ತಿದ್ದಾರೆ. ಈ ಬದಲಾವಣೆ ಸಮಾನತೆಯ ಅರಿವಿನಿಂದ ಬಂತೋ, ಕಡಿಮೆ ಸಂಬಳಕ್ಕೆ ಪಾಶ್ಚಾತ್ಯರು ಸಿಗದೆ ಬಂತೋ ಎಂದು ಕೇಳಿದರೆ ಎರಡನೆಯದೇ ಹೆಚ್ಚು ನಂಬಲರ್ಹ.

ಭಾರತೀಯ ಶಿಕ್ಷಕರಿಗೆ ಹೆಚ್ಚು ಸಹಜವಾದ ದಾರಿ ಬೇರೆಡೆ ಇದೆ. ಟೋಕಿಯೊದ ಎದೊಗಾವಾ ವಾರ್ಡಿನ ನಿಶಿಕಸಾಯ್ ಸುತ್ತ ಸಾಫ್ಟ್‌ವೇರ್ ಕುಟುಂಬಗಳು ನೆಲೆಸಿದಂತೆ 2004 ಮತ್ತು 2006ರಲ್ಲಿ ಭಾರತೀಯ ಶಾಲೆಗಳು ತೆರೆದವು. 2007ರ ಸುಮಾರಿಗೆ ಜಪಾನಿನಲ್ಲಿ ‘ಭಾರತೀಯ ಗಣಿತ’ದ ಹುಚ್ಚು ಹಬ್ಬಿ, ಒಂಬತ್ತರ ಮಗ್ಗಿಗೆ ನಿಲ್ಲಿಸುವ ಶಾಲೆಗಳಿಗೆ ಒಗ್ಗಿದ ಜಪಾನಿ ತಾಯ್ತಂದೆಯರು ಹತ್ತೊಂಬತ್ತರವರೆಗೆ ಕಲಿಸುವ ಶಾಲೆಗಳತ್ತ ನೋಡಿದರು. ಇಂಗ್ಲಿಷಿನಲ್ಲಿ ವಿಜ್ಞಾನ, ಗಣಿತ ಕಲಿಸಬಲ್ಲ ಬಿ.ಎಡ್. ಶಿಕ್ಷಕರಿಗೆ ಅಲ್ಲಿ ನಿಜವಾದ ಶಿಕ್ಷಕರ ಸ್ಥಾನವಿದೆ. ಹುದ್ದೆಗಳು ಕಡಿಮೆ ಎಂಬುದೊಂದೇ ಕೊರತೆ.

ಹೋಗಿ ಹುಡುಕುವ ಸೌಕರ್ಯವೂ ಎಲ್ಲರಿಗೂ ಸಮವಲ್ಲ. ಅಮೆರಿಕದವರು ವೀಸಾ ಇಲ್ಲದೆ 90 ದಿನ ಇದ್ದು ಸಂದರ್ಶನ ಮುಗಿಸಬಹುದು. ಆಸ್ಟ್ರೇಲಿಯಾದವರಿಗೆ 1980ರಿಂದಲೇ ‘ರಜೆಯೊಂದಿಗೆ ದುಡಿಮೆ’ಯ ವೀಸಾ ಇದೆ. ಭಾರತೀಯರಿಗೆ ಎರಡೂ ಇಲ್ಲ. ಊರಿನಲ್ಲೇ ಕುಳಿತು ಕೆಲಸ ಗಿಟ್ಟಿಸಿಕೊಳ್ಳಬೇಕು; ಅಲ್ಲಿನ ಸಂಸ್ಥೆ ವಲಸೆ ಕಚೇರಿಯಿಂದ ಅರ್ಹತಾ ಪ್ರಮಾಣಪತ್ರ ತರಿಸಿ ಕಳುಹಿಸಬೇಕು; ಅದಕ್ಕೆ ಒಂದರಿಂದ ಮೂರು ತಿಂಗಳು. ಶಾಲಾ ವರ್ಷ ಏಪ್ರಿಲ್‌ನಲ್ಲಿ ಶುರುವಾಗುವುದರಿಂದ ಹಿಂದಿನ ಶರತ್ಕಾಲದಲ್ಲೇ ಅರ್ಜಿ ಹಾಕಿದವರಿಗೆ ಅವಕಾಶ ಹೆಚ್ಚು. ಭಾಷಾ ಶಾಲೆಗೆ ಸೇರಿಸಿ ವಿದ್ಯಾರ್ಥಿ ವೀಸಾ ಕೊಡಿಸುತ್ತೇವೆ, ಆಮೇಲೆ ಕೆಲಸ ತಾನಾಗಿ ಸಿಗುತ್ತದೆ ಎನ್ನುವ ಏಜೆಂಟರು, ಆ ವೀಸಾದಲ್ಲಿ ಅನುಮತಿ ಪಡೆದು ವಾರಕ್ಕೆ 28 ಗಂಟೆ ಮಾತ್ರ ದುಡಿಯಬಹುದೆಂಬುದನ್ನು ತಗ್ಗಿದ ದನಿಯಲ್ಲಿ ಹೇಳುತ್ತಾರೆ.

ಮುಂದಿನ ವರ್ಷಗಳಲ್ಲಿ ಒತ್ತಡ ಎರಡು ಕಡೆಯಿಂದ ಬರಲಿದೆ. 2024ರಲ್ಲಿ ಜಪಾನಿನಲ್ಲಿ ಹುಟ್ಟಿದ ಜಪಾನಿ ಮಕ್ಕಳು ಸುಮಾರು 6.86 ಲಕ್ಷ. ಏಳು ಲಕ್ಷಕ್ಕಿಂತ ಕೆಳಗಿಳಿದದ್ದು ಇದೇ ಮೊದಲು. ಹಳ್ಳಿಗಳ ಶಾಲೆಗಳು ಒಂದರೊಳಗೊಂದು ವಿಲೀನವಾಗುತ್ತಿವೆ. ಇನ್ನೊಂದೆಡೆ, ಮನಿಲಾದ ಶಿಕ್ಷಕರೊಂದಿಗೆ ಪರದೆಯ ಮೇಲೆ 25 ನಿಮಿಷ ಮಾತಾಡಿಸುವ ಕಂಪನಿಗಳು ಏಕೈವಾದ ಗಿರಾಕಿಗಳನ್ನು ಅಲ್ಪ ಬೆಲೆಗೆ ಸೆಳೆದಿವೆ. ಉಳಿಯಬಯಸುವವರಿಗೆ ಇರುವ ದಾರಿಗಳು ಮೂರು: ಜಪಾನಿ ಕಲಿತು ಬೇರೆ ಉದ್ಯೋಗಕ್ಕೆ ಜಿಗಿಯುವುದು; ಸ್ನಾತಕೋತ್ತರ ಪದವಿ ಮತ್ತು ಪ್ರಕಟಿತ ಲೇಖನಗಳೊಂದಿಗೆ ವಿಶ್ವವಿದ್ಯಾಲಯ ಸೇರುವುದು (ಅಲ್ಲಿಯೂ ಹೆಚ್ಚಿನವು ಅವಧಿ ನಿಗದಿಯಾದ ಹುದ್ದೆಗಳೇ); ಶಾಲೆಯೊಂದರ ಶಿಫಾರಸಿನಿಂದ ಪ್ರಾಂತೀಯ ಶಿಕ್ಷಣ ಮಂಡಳಿಯ ವಿಶೇಷ ಬೋಧನಾ ಪರವಾನಗಿ ಪಡೆಯುವುದು. 2013ರಲ್ಲಿ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ ಒಬ್ಬರೇ ಮಾಲೀಕರ ಬಳಿ ಐದು ವರ್ಷ ಮೀರಿ ದುಡಿದವರು ಅವಧಿಯಿಲ್ಲದ ಒಪ್ಪಂದ ಕೇಳುವ ಹಕ್ಕನ್ನೂ ಪಡೆದಿದ್ದಾರೆ. ಆ ಗಡುವು ಮುಟ್ಟುವ ಮುನ್ನವೇ ಒಪ್ಪಂದ ನವೀಕರಿಸದೆ ಕಳುಹಿಸುವ ಸಂಸ್ಥೆಗಳು ಇರುವುದರಿಂದ, ಐದನೆಯ ವರ್ಷದ ಮಾರ್ಚ್ ತಿಂಗಳು ಈ ವೃತ್ತಿಯಲ್ಲಿ ಎಲ್ಲಕ್ಕಿಂತ ಆತಂಕದ್ದು.